ಕರುಳಿನ ಬ್ಯಾಕ್ಟೀರಿಯ ಮತ್ತು ಚಲನದೋಷಗಳು

ಕರುಳಿನ ಗೋಡೆಯ ಸ್ನಾಯುಗಳು ಆಹಾರವನ್ನು ಹಿಂಡಿ ಮುಂದೂಡುತ್ತವೆ. ಈ ಚಲನೆಗೂ ಅಲ್ಲಿ ನೆಲೆಸಿರುವ ಬ್ಯಾಕ್ಟೀರಿಯಗಳಿಗೂ ಇರುವ ನಂಟು ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಚರ್ಚೆಯಲ್ಲಿದೆ. ಆರಂಭ ಮಾತ್ರ ಎಡವಟ್ಟಿನದು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್, ದೊಡ್ಡಕರುಳಿನ ಬ್ಯಾಕ್ಟೀರಿಯಗಳು ಹುಟ್ಟಿಸುವ ವಿಷದಿಂದಲೇ ಮುಪ್ಪು ಬೇಗ ಬರುತ್ತದೆಂದು ವಾದಿಸಿ, ಹುಳಿಸಿದ ಹಾಲನ್ನು ಸೂಚಿಸಿದ. ಲಂಡನ್ನಿನ ಶಸ್ತ್ರವೈದ್ಯ ಆರ್ಬತ್ನಾಟ್ ಲೇನ್ ಮಲಬದ್ಧತೆಗೆ ದೊಡ್ಡಕರುಳನ್ನೇ ಕತ್ತರಿಸಿ ತೆಗೆಯತೊಡಗಿದ. ರೋಗಕ್ಕಿಂತ ಕ್ರೂರವಾದ ಈ ಚಿಕಿತ್ಸೆ ಕ್ರಮೇಣ ಮೂಲೆಗುಂಪಾಯಿತು.

ಗಟ್ಟಿ ಆಧಾರ ದೊರೆತದ್ದು ಹುಟ್ಟಿನಿಂದಲೇ ಸೂಕ್ಷ್ಮಜೀವಿ ಸೋಕದಂತೆ ಬೆಳೆಸಿದ ಪ್ರಾಣಿಗಳಿಂದ. ಇಂಥ ಇಲಿಗಳಲ್ಲಿ ದೊಡ್ಡಕರುಳಿನ ಆರಂಭದ ಚೀಲ ಅಸಹಜವಾಗಿ ಹಿಗ್ಗಿರುತ್ತದೆ. ಆಹಾರವೂ ತಡವಾಗಿ ಸಾಗುತ್ತದೆಂದು ಸಂಶೋಧಕರಾದ ಅಬ್ರಾಮ್ಸ್ ಮತ್ತು ಬಿಷಪ್ 1967ರಲ್ಲಿ ತೋರಿಸಿದರು. ಚಲನೆಯ ಕಡೆಯಿಂದ ನೋಡಿದರೆ, 1969ರಲ್ಲಿ ಸಂಶೋಧಕ ಶುರ್ಶೆವ್‌ಸ್ಕಿ, ಉಪವಾಸವಿದ್ದ ನಾಯಿಗಳ ಸಣ್ಣಕರುಳಿನಲ್ಲಿ ಮೇಲಿನಿಂದ ಕೆಳಕ್ಕೆ ಮರುಕಳಿಸುತ್ತ ಸಾಗುವ ವಿದ್ಯುತ್ ಅಲೆಯನ್ನು ಗುರುತಿಸಿದ. ಮನುಷ್ಯರಲ್ಲಿ ಇದು ಸುಮಾರು ಒಂದೂವರೆ–ಎರಡು ಗಂಟೆಗೊಮ್ಮೆ ಎದ್ದು, ಉಳಿದ ಆಹಾರ, ಲೋಳೆ, ಬ್ಯಾಕ್ಟೀರಿಯಗಳನ್ನು ದೊಡ್ಡಕರುಳಿನತ್ತ ಗುಡಿಸುತ್ತದೆ. ಊಟ ಶುರುವಾದೊಡನೆ ನಿಲ್ಲುತ್ತದೆ. ಸಣ್ಣಕರುಳಿನಲ್ಲಿ ಬ್ಯಾಕ್ಟೀರಿಯ ಮಿತಿಮೀರಿದ್ದ ಕೆಲವು ರೋಗಿಗಳಲ್ಲಿ ಈ ಅಲೆ ಕಾಣಿಸುವುದೇ ಇಲ್ಲವೆಂದು ಬೆಲ್ಜಿಯಮ್ಮಿನ ವಾನ್‌ಟ್ರಾಪನ್ ತಂಡ 1977ರಲ್ಲಿ ವರದಿ ಮಾಡಿತು. ಚರ್ಮ ಗಡುಸಾಗುವ ಸ್ಕ್ಲೆರೊಡರ್ಮದ ರೋಗಿಗಳಲ್ಲೂ ಹಳೆಯ ಸಕ್ಕರೆ ಕಾಯಿಲೆಯವರಲ್ಲೂ ಹೊಟ್ಟೆಯುಬ್ಬರ, ಭೇದಿ ಏಕೆ ಎಂಬುದಕ್ಕೆ ಇದರಿಂದ ಒಂದು ವಿವರಣೆ ಸಿಕ್ಕಿತು: ಚಲನೆ ಕುಂದಿದಲ್ಲಿ ಬ್ಯಾಕ್ಟೀರಿಯ ಬೀಡುಬಿಡುತ್ತವೆ.

ಪ್ರಭಾವ ಎದುರು ದಿಕ್ಕಿಗೂ ಹರಿಯುತ್ತದೆ. 2015ರಲ್ಲಿ ಕ್ಯಾಲಿಫೋರ್ನಿಯ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು, ಬೀಜಕ ರೂಪಿಸುವ ಕೆಲವು ಬ್ಯಾಕ್ಟೀರಿಯಗಳು ಕರುಳಿನ ಜೀವಕೋಶಗಳಲ್ಲಿ ಸೆರೊಟೋನಿನ್ ಎಂಬ ಸಂಕೇತ ರಾಸಾಯನಿಕದ ತಯಾರಿಕೆಯನ್ನು ಹೆಚ್ಚಿಸಿ ಚಲನೆಯನ್ನು ಚುರುಕುಗೊಳಿಸುವುದನ್ನು ಇಲಿಗಳಲ್ಲಿ ಕಂಡರು.

ಕೆರಳು ಕರುಳಿನ ತೊಂದರೆಗೆ, ಅಂದರೆ ಐಬಿಎಸ್‌ಗೆ, ಸಣ್ಣಕರುಳಿನ ಬ್ಯಾಕ್ಟೀರಿಯ ಹೆಚ್ಚಳವೇ ಮೂಲವೆಂಬ ವಾದವನ್ನು ಲಾಸ್ ಏಂಜಲೀಸಿನ ಪಿಮೆಂಟೆಲ್ ತಂಡ 2000ದಲ್ಲಿ ಮುಂದಿಟ್ಟಿತು. ಅದರ ಆಧಾರ ಉಸಿರಿನ ಪರೀಕ್ಷೆ: ಕುಡಿಸಿದ ಲ್ಯಾಕ್ಟುಲೋಸ್ ಎಂಬ ಸಕ್ಕರೆಯನ್ನು ಬ್ಯಾಕ್ಟೀರಿಯಗಳು ಹುಳಿಸಿದಾಗ ಉಸಿರಿನಲ್ಲಿ ಹೈಡ್ರೊಜನ್ ಏರುತ್ತದೆ. ಆದರೆ ಆ ಸಕ್ಕರೆ ಬೇಗನೆ ದೊಡ್ಡಕರುಳು ತಲುಪಿದರೂ ಹೈಡ್ರೊಜನ್ ಏರುತ್ತದೆ. ಹಾಗಾಗಿ ಆಕ್ಷೇಪಣೆ ಬಂದದ್ದು ಸಹಜ. ವಾದ ಇತ್ಯರ್ಥವಾಗದಿದ್ದರೂ ರಕ್ತಕ್ಕೆ ಅಷ್ಟಾಗಿ ಸೇರದ ರಿಫಾಕ್ಸಿಮಿನ್ ಎಂಬ ಪ್ರತಿಜೀವಕಕ್ಕೆ, ಭೇದಿ ಪ್ರಧಾನವಾದ ಐಬಿಎಸ್‌ನಲ್ಲಿ ಬಳಸಲು ಅಮೆರಿಕ 2015ರಲ್ಲಿ ಒಪ್ಪಿಗೆ ನೀಡಿತು.

ಮಲಬದ್ಧತೆಯ ಕಡೆ ಸಂಶಯದ ಬೊಟ್ಟು ಮೀಥೇನಿನತ್ತ ತಿರುಗಿದೆ. ಈ ಅನಿಲ ಕರುಳಿನ ಸಾಗಣೆಯನ್ನು ನಿಧಾನಿಸುವುದು 2006ರ ನಾಯಿಗಳ ಪ್ರಯೋಗದಲ್ಲಿ ಕಂಡಿತು. ಮೀಥೇನ್ ತಯಾರಿಸುವ ಮೆಥನೊಬ್ರೆವಿಬ್ಯಾಕ್ಟರ್ ಸ್ಮಿಥಿ, ಹೆಸರು ಏನೇ ಇರಲಿ, ಬ್ಯಾಕ್ಟೀರಿಯವಲ್ಲ, ಆರ್ಕಿಯ ಎಂಬ ಬೇರೆಯೇ ಗುಂಪಿನ ಸೂಕ್ಷ್ಮಜೀವಿ. ಅದು ದೊಡ್ಡಕರುಳಿನಲ್ಲೂ ಹೆಚ್ಚಬಲ್ಲದು. ಆದ್ದರಿಂದ 2020ರ ಅಮೆರಿಕದ ವೈದ್ಯಕೀಯ ಮಾರ್ಗಸೂಚಿ ಈ ಜೀವಿ ಮಿತಿಮೀರುವ ಸ್ಥಿತಿಗೆ ಬೇರೆಯದೇ ಹೆಸರು ಸೂಚಿಸಿತು.