ಗಣಕ ಹೊಸದಾದಾಗ ಕನ್ನಡ ಎಲ್ಲಿ ಹೋಯಿತು?



ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಇದ್ದ ಗಣಕಕ್ಕೇ ವಿಂಡೋಸ್ 11 ಹಾಕಿಸುವುದೋ, ಚಾಂದನಿ ಚೌಕಕ್ಕೆ ಹೋಗಿ ಹೊಸದನ್ನೇ ತರುವುದೋ ಎಂಬ ಪ್ರಶ್ನೆ ಬೆಹಾಲಾದ ಮನೆಗಳಿಗೂ ಬಂದಿದೆ. ಕನ್ನಡಿಗರ ಮಟ್ಟಿಗೆ ಇಂಥ ಬದಲಾವಣೆ ಹೊಸದಲ್ಲ. ಇದಕ್ಕಿಂತ ದೊಡ್ಡ ಪಲ್ಲಟವೊಂದು ಇಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆಯೇ ಆಗಿಹೋಗಿದೆ. ಆ ಚರಿತ್ರೆ ಗೊತ್ತಿದ್ದರೆ ಈ ಸಲ ಒಂದು ನಷ್ಟವನ್ನಾದರೂ ತಪ್ಪಿಸಿಕೊಳ್ಳಬಹುದು.

ವಿಂಡೋಸ್ 98ರ ಕಾಲವನ್ನು ನೆನಪಿಸಿಕೊಳ್ಳಿ. ಆ ವ್ಯವಸ್ಥೆಗೆ ಕನ್ನಡವೆಂಬ ಲಿಪಿಯೊಂದು ಇದೆಯೆಂದೇ ಗೊತ್ತಿರಲಿಲ್ಲ. ಆದರೂ ನಮ್ಮವರು ಅದರಲ್ಲಿ ಕನ್ನಡ ಬರೆದರು. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಉಚ್ಚಾರಣೆಗೆ ಹೊಂದುವ ಕೀಲಿಮಣೆ ವಿನ್ಯಾಸ ಮಾಡಿ, ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದು ಹೆಸರಿಟ್ಟರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೇ ಅದರಲ್ಲೂ ನೆಲೆಯೂರಿತು. ಮುದ್ರಣದವರ ಬಳಿ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಇದ್ದವು.

ಇವೆಲ್ಲ ನಡೆದದ್ದು ಒಂದು ಜಾಣ ಉಪಾಯದ ಮೇಲೆ. ಆಗಿನ ಫಾಂಟಿನಲ್ಲಿ ಇದ್ದದ್ದು 256 ಮನೆಗಳು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಕೂರುವ ಆ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ನುಡಿಯಲ್ಲಿ ‘ಕನ್ನಡ’ ಎಂದು ಬರೆದಿರೆನ್ನಿ. ಇಂಗ್ಲಿಷಿನ ದೊಡ್ಡ ‘ಪಿ’ಯ ಜಾಗದಲ್ಲಿ ತಲೆಕಟ್ಟಿಲ್ಲದ ಕಕಾರ, ಮೇಲೆ ಗೀಟಿರುವ ‘ಎ’ಯ ಜಾಗದಲ್ಲಿ ತಲೆಕಟ್ಟು, ಪೌಂಡ್ ಹಣದ ಚಿಹ್ನೆಯ ಜಾಗದಲ್ಲಿ ನಕಾರ, ಜರ್ಮನ್ನರ ಒಂದು ಅಕ್ಷರದ ಜಾಗದಲ್ಲಿ ನಕಾರದ ಒತ್ತು, ಸಣ್ಣ ‘ಕ್ಯೂ’ವಿನ ಜಾಗದಲ್ಲಿ ಡಕಾರ. ಹೀಗೆ ಏಳು ಗುರುತುಗಳು ಸೇರಿ ತೆರೆಯ ಮೇಲೆ ಕನ್ನಡ ಕಾಣುತ್ತಿತ್ತು. ಕಣ್ಣಿಗೆ ಅದು ಕನ್ನಡ, ಗಣಕದ ಪಾಲಿಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್. ಸಾಲದ್ದಕ್ಕೆ ಯಾವ ತುಂಡು ಯಾವ ಮನೆಯಲ್ಲಿ ಎಂಬುದನ್ನು ಒಬ್ಬೊಬ್ಬ ತಯಾರಕರು ಒಂದೊಂದು ಬಗೆಯಲ್ಲಿ ತೀರ್ಮಾನಿಸಿದ್ದರು.

ಇದಕ್ಕೆ ಪರಿಹಾರ ಆಗಲೇ ಹುಟ್ಟಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿ ಸಿಕ್ಕಿತ್ತು. ಅಲ್ಲಿ ಕ ಎಂದರೆ ಕ ಮಾತ್ರ. ತುಂಡುಗಳನ್ನು ಜೋಡಿಸುವ, ಒತ್ತನ್ನು ಕೆಳಗಿಳಿಸುವ ಕೆಲಸ ಫಾಂಟಿನದು ಮತ್ತು ಆಪರೇಟಿಂಗ್ ಸಿಸ್ಟಮ್‌ನದು. ‘ಕನ್ನಡ’ ಎಂಬ ಪದಕ್ಕೆ ಐದೇ ಸಂಕೇತಗಳು ಸಾಕು: ಕ, ನ, ವಿರಾಮ, ನ, ಡ. ಆದರೆ ಜೋಡಿಸುವ ಕೆಲಸ ಗೊತ್ತಿರುವ ವ್ಯವಸ್ಥೆ ಬರುವ ತನಕ ಆ ಕೇರಿ ಖಾಲಿ ನಿವೇಶನದಂತೆಯೇ ಇತ್ತು.

2000ದಲ್ಲಿ ಬಂದ ವಿಂಡೋಸ್ 2000ಕ್ಕೆ ದೇವನಾಗರಿ ಮತ್ತು ತಮಿಳು ಬರುತ್ತಿದ್ದವು, ಕನ್ನಡ ಬರುತ್ತಿರಲಿಲ್ಲ. 2001ರ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರೊಂದಿಗೆ ‘ತುಂಗಾ’ ಎಂಬ ಕನ್ನಡ ಫಾಂಟ್ ಬಂತು. ಕೋಲ್ಕತಾದಲ್ಲಿರುವ ನಮಗೆ ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ನೆರೆಯವರ ಬಂಗಾಳಿ ಆ ಪಟ್ಟಿಯಲ್ಲಿರಲಿಲ್ಲ. ಅದು ‘ವೃಂದಾ’ ಫಾಂಟಿನೊಂದಿಗೆ ಬಂದದ್ದು 2004ರ ಸರ್ವೀಸ್ ಪ್ಯಾಕ್ 2ರಲ್ಲಿ. ಅಂದರೆ ಸುಮಾರು ಮೂರು ವರ್ಷ, ಬಂಗಾಳಿಗರ ಊರಿನ ಎಕ್ಸ್‌ಪಿ ಗಣಕಗಳಿಗೆ ಕನ್ನಡ ಗೊತ್ತಿತ್ತು, ಬಂಗಾಳಿ ಗೊತ್ತಿರಲಿಲ್ಲ!

ಹಾಗೆಂದು ಕನ್ನಡ ತಾನಾಗಿ ಮೂಡುತ್ತಿತ್ತೆಂದಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಗಳ ವಿಭಾಗದಲ್ಲಿ ‘ಸಂಕೀರ್ಣ ಲಿಪಿ’ಗಳ ಎದುರು ಗುರುತು ಹಾಕಿ, ಮೂಲ ಸಿ.ಡಿ. ತುರುಕಬೇಕಿತ್ತು. ಈ ತೊಡಕು ತೀರಿದ್ದು 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ.

ಆದರೆ ಪ್ರತಿ ಬದಲಾವಣೆಯಲ್ಲೂ ಒಂದಿಷ್ಟು ಕನ್ನಡ ಹಿಂದುಳಿಯಿತು. ಹೊಸ ವ್ಯವಸ್ಥೆ ಹಾಕಿಸಲು ಡಿಸ್ಕನ್ನು ಅಳಿಸಿದರೆ ಹಳೆಯ ಫಾಂಟುಗಳೂ ಅಳಿಸಿಹೋಗುತ್ತಿದ್ದವು. ಫ್ಲಾಪಿಯಲ್ಲೋ ಸಿ.ಡಿ.ಯಲ್ಲೋ ಜೋಪಾನ ಮಾಡಿದ ಕಡತ ಒಂದಕ್ಷರವೂ ಕೆಡದೆ ಉಳಿದಿರುತ್ತಿತ್ತು, ತೆರೆದರೆ ಮಾತ್ರ ಪೌಂಡ್ ಚಿಹ್ನೆಗಳ ಸಂತೆ. ಮಗಳ ಮದುವೆಯ ಆಮಂತ್ರಣ, ಸಂಘದ ಸಭೆಯ ನಡಾವಳಿ, ತಂದೆಯವರು ಬರೆದಿಟ್ಟ ಮನೆತನದ ವೃತ್ತಾಂತ, ಯಾವುದಾದರೂ ಅಷ್ಟೇ. ಕರ್ನಾಟಕದಲ್ಲಿದ್ದವರಿಗೆ ಇದು ಅಷ್ಟಾಗಿ ತಟ್ಟಲಿಲ್ಲ. ಬೀದಿಯ ತುದಿಯ ಡಿ.ಟಿ.ಪಿ. ಅಂಗಡಿಯಲ್ಲಿ ಆ ಫಾಂಟು ಸಿಕ್ಕೀತು. ಬೆಹಾಲಾ ಚೌರಸ್ತಾದ ಅಂಗಡಿಯಲ್ಲಿ ಬಂಗಾಳಿಯ ಫಾಂಟು ಕೇಳಬಹುದು, ನುಡಿಯನ್ನೋ ಶ್ರೀಲಿಪಿಯನ್ನೋ ಕೇಳಿದರೆ ಯಾರು ಕೊಟ್ಟಾರು? ಹೊರನಾಡಿನಲ್ಲಿ ಕಡತಕ್ಕೆ ಕಾವಲು ಮನೆಯವರೇ.

ಆದ್ದರಿಂದ ಈಗ ಮಾಡಬೇಕಾದದ್ದಿಷ್ಟು. ಹಳೆಯ ಗಣಕವನ್ನು ಅಳಿಸುವ ಅಥವಾ ಗುಜರಿಗೆ ಹಾಕುವ ಮೊದಲು ಅದರಲ್ಲಿರುವ ಕನ್ನಡ ಕಡತಗಳನ್ನು ಒಮ್ಮೆ ತೆರೆದು ನೋಡಿ. ಫಾಂಟಿನ ಹೆಸರಿನಲ್ಲಿ ನುಡಿ, ಬರಹ, ಶ್ರೀಲಿಪಿ ಎಂಬಂಥದ್ದು ಕಂಡರೆ ಹೆಸರನ್ನು ಬರೆದುಕೊಂಡು, ಫಾಂಟಿನ ಕಡತವನ್ನೂ ಜೊತೆಗೆ ನಕಲು ಮಾಡಿಟ್ಟುಕೊಳ್ಳಿ. ಬರಹ ಮತ್ತು ನುಡಿಯ ಹಳೆಯ ಬರವಣಿಗೆಯನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ತಿದ್ದಿ. ಪರಿವರ್ತಕ ಸಿಗದ ಫಾಂಟಾದರೆ, ಹಳೆಯ ಯಂತ್ರದಿಂದಲೇ ಪಿ.ಡಿ.ಎಫ್. ಮಾಡಿಕೊಳ್ಳಿ. ಅಕ್ಷರದ ಆಕಾರ ಅದರೊಳಗೇ ಉಳಿಯುವುದರಿಂದ ತಿದ್ದಲಾಗದಿದ್ದರೂ ಓದಲಂತೂ ಬರುತ್ತದೆ.

ಯೂನಿಕೋಡಿನಲ್ಲಿ ಬರೆದದ್ದಕ್ಕೆ ಈ ಪಾಡಿಲ್ಲ. ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನಲ್ಲಿ ಬರೆದಿಟ್ಟ ಯೂನಿಕೋಡ್ ಪತ್ರ ಇಂದಿನ ಮೊಬೈಲಿನಲ್ಲೂ ಓದಿಸಿಕೊಳ್ಳುತ್ತದೆ. ಅದಕ್ಕೂ ಹಿಂದಿನದು ಮಾತ್ರ ಹಳೆಯ ಯಂತ್ರ ಓಡುತ್ತಿರುವ ತನಕ ನಿಮ್ಮ ಕೈಯಲ್ಲಿದೆ.