ಕೊರಳೆಲುಬು ಹೇಳಿದ ಹೆಸರು

ನೀವು ಎಂದಾದರೂ ಎದೆಯ ಕ್ಷಕಿರಣ ಚಿತ್ರ ತೆಗೆಸಿದ್ದರೆ ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ. ವೈದ್ಯರ ಗಮನವೆಲ್ಲ ಶ್ವಾಸಕೋಶದ ಮೇಲೆ. ಆದರೆ ಚಿತ್ರದ ಮೇಲ್ಭಾಗದಲ್ಲಿ, ಭುಜಗಳತ್ತ ಚಾಚಿದ ಎರಡು ಬಾಗಿದ ಮೂಳೆಗಳೂ ಕಾಣುತ್ತವೆ. ಇವೇ ಕೊರಳೆಲುಬುಗಳು. ಇವುಗಳ ಬಾಗು, ದಪ್ಪ, ಅಂಚಿನ ಉಬ್ಬುತಗ್ಗು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಕೊರಿಯಾ ಯುದ್ಧದಲ್ಲಿ ಮಡಿದು ಹೆಸರಿಲ್ಲದೆ ಮಣ್ಣಾಗಿದ್ದ ಹಲವು ಅಮೆರಿಕನ್ ಸೈನಿಕರು ಅರ್ಧ ಶತಮಾನದ ನಂತರ ಮನೆಗೆ ಮರಳಲು ಈ ವ್ಯತ್ಯಾಸವೇ ನೆರವಾಯಿತು.

ಯುದ್ಧ ಆರಂಭವಾದದ್ದು 1950ರ ಜೂನ್ 25ರಂದು. ಕದನವಿರಾಮಕ್ಕೆ ಸಹಿ ಬಿದ್ದದ್ದು 1953ರ ಜುಲೈ 27ರಂದು. ಬದುಕುಳಿದಿದ್ದೂ ತಮ್ಮ ದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳ ಸಮಸ್ಯೆಯನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯನವರೇ ಅಧ್ಯಕ್ಷರಾಗಿದ್ದರು. ಸತ್ತವರ ಸರದಿ ಬಂದದ್ದು 1954ರಲ್ಲಿ. 'ಆಪರೇಷನ್ ಗ್ಲೋರಿ' ಎಂಬ ಹೆಸರಿನಲ್ಲಿ ಎರಡೂ ಕಡೆಯವರು ಶವಗಳನ್ನು ವಿನಿಮಯ ಮಾಡಿಕೊಂಡರು. ಉತ್ತರದಿಂದ 4 ಸಾವಿರಕ್ಕೂ ಹೆಚ್ಚು ಅವಶೇಷಗಳು ಬಂದವು. ವಿಶ್ವಸಂಸ್ಥೆಯ ಪಡೆಗಳು ಹಿಮ್ಮೆಟ್ಟುವಾಗ ಬಿಟ್ಟುಬಂದಿದ್ದ ಸ್ಮಶಾನಗಳವು ಕೆಲವು, ಕೈದಿಗಳ ಶಿಬಿರಗಳವು ಕೆಲವು.

ಅಮೆರಿಕನ್ನರ ಗುರುತಿನ ಕೆಲಸ ನಡೆದದ್ದು ಜಪಾನಿನ ಕೊಕುರಾದಲ್ಲಿ. ಹಲ್ಲು, ಎತ್ತರ, ವಯಸ್ಸು, ಹಳೆಯ ಗಾಯ - ಅಂದಿನ ತಜ್ಞರ ಕೈಯಲ್ಲಿದ್ದ ಸಾಧನಗಳು ಇಷ್ಟೆ. ಆದರೂ ಬಹುತೇಕರ ಹೆಸರನ್ನು ಅವರು ಪತ್ತೆ ಮಾಡಿದರು. ಹೀಗೆ ಗುರುತು ಸಿಕ್ಕ ಸುಮಾರು 450 ತರುಣರ ಮೂಳೆಗಳನ್ನು ಪರೀಕ್ಷಿಸಿ, ಯಾವ ವಯಸ್ಸಿನಲ್ಲಿ ಯಾವ ಮೂಳೆಯ ತುದಿ ಬೆಸೆಯುತ್ತದೆ ಎಂಬುದನ್ನು ಮೆಕರ್ನ್ ಮತ್ತು ಸ್ಟೀವರ್ಟ್ 1957ರಲ್ಲಿ ಪ್ರಕಟಿಸಿದರು. ಮೂಳೆಯಿಂದ ವಯಸ್ಸು ಹೇಳುವ ವಿಜ್ಞಾನಕ್ಕೆ ಆ ವರದಿ ದಶಕಗಳ ಕಾಲ ಆಧಾರವಾಯಿತು. ಎದೆಯ ಮಧ್ಯಕ್ಕೆ ಸೇರುವ ಕೊರಳೆಲುಬಿನ ತುದಿ ಇಪ್ಪತ್ತು ದಾಟಿದ ಮೇಲೂ ಪೂರ್ತಿ ಬೆಸೆದಿರುವುದಿಲ್ಲ ಎಂಬ ಪಾಠದ ಹಿಂದೆ ಆ ಹುಡುಗರಿದ್ದಾರೆ.

ಗುರುತು ಸಿಗದ 800ಕ್ಕೂ ಹೆಚ್ಚು ಅವಶೇಷಗಳನ್ನು ಹವಾಯಿಯ ಹೊನೊಲುಲು ನಗರದಲ್ಲಿ, ಆರಿದ ಜ್ವಾಲಾಮುಖಿಯೊಂದರ ಬಾಯಿಯಲ್ಲಿರುವ 'ಪಂಚ್‌ಬೌಲ್' ಸ್ಮಶಾನದಲ್ಲಿ ಹೂಳಲಾಯಿತು. 1999ರಲ್ಲಿ ಕೆಲವು ಸಮಾಧಿಗಳನ್ನು ತೆರೆದಾಗ ಎಲ್ಲರಿಗೂ ಭರವಸೆಯಿತ್ತು; ಡಿಎನ್‌ಎ ಪರೀಕ್ಷೆ ಆಗ ಬಳಕೆಗೆ ಬಂದಿತ್ತಲ್ಲ! ಆದರೆ ಮೂಳೆಗಳು ನೋಡಲು ಗಟ್ಟಿಯಾಗಿದ್ದರೂ ಡಿಎನ್‌ಎ ಸಿಗಲಿಲ್ಲ. ಕಾರಣ ಕೊಕುರಾದಲ್ಲಿತ್ತು. ಮೂಳೆ ಕೆಡದಿರಲೆಂದು ಅಲ್ಲಿ ಫಾರ್ಮಾಲ್ಡಿಹೈಡ್ ಬೆರೆತ ಪುಡಿಯನ್ನು ಬಳಸಿದ್ದರು. ಫಾರ್ಮಾಲ್ಡಿಹೈಡ್ ಡಿಎನ್‌ಎ ಹಾಗೂ ಪ್ರೋಟೀನುಗಳ ನಡುವೆ ಅಡ್ಡಬಂಧ ಹೆಣೆಯುತ್ತದೆ, ಎಳೆಗಳು ಚೂರುಚೂರಾಗುತ್ತವೆ. ಪ್ರತಿ ತೆಗೆಯುವ ಪಿಸಿಆರ್ ವಿಧಾನಕ್ಕೆ ಸಾಕಷ್ಟು ಉದ್ದದ ಎಳೆ ಬೇಕು. ಕೊಕುರಾದವರನ್ನು ದೂರುವುದು ಸರಿಯಲ್ಲ. ಡಿಎನ್‌ಎ ರಚನೆ ತಿಳಿದದ್ದೇ ಕದನವಿರಾಮದ ವರ್ಷ, 1953ರಲ್ಲಿ. ಮೂಳೆಯನ್ನು ಉಳಿಸಲು ಅವರು ಮಾಡಿದ ಕೆಲಸವೇ ಅದರೊಳಗಿನ ಹೆಸರನ್ನು ಅಳಿಸಿತು.

ಆಗ ಕೈಹಿಡಿದದ್ದು ಕ್ಷಕಿರಣ. ಸೇನೆಗೆ ಸೇರುವಾಗ ಕ್ಷಯರೋಗವಿದೆಯೇ ಎಂದು ನೋಡಲು ಸೈನಿಕರ ಎದೆಯ ಚಿತ್ರ ತೆಗೆಯುತ್ತಿದ್ದರು. ನಾಪತ್ತೆಯಾದವರ ಪೈಕಿ ಹಲವರ ಚಿತ್ರಗಳು ಸೇಂಟ್ ಲೂಯಿಸ್ ನಗರದ ದಾಖಲೆ ಕೇಂದ್ರದಲ್ಲಿ ಉಳಿದಿದ್ದವು. ಅಂಗೈಯಗಲದ ಆ ಹಳೆಯ ಫಿಲ್ಮುಗಳ ಕೊರಳೆಲುಬನ್ನೂ ಪೆಟ್ಟಿಗೆಯಲ್ಲಿದ್ದ ಕೊರಳೆಲುಬನ್ನೂ ಹೋಲಿಸಿ ನೋಡುವ ವಿಧಾನ ರೂಪುಗೊಂಡಿತು. ಹೋಲಿಸುವವರಿಗೆ ಹೆಸರು ತಿಳಿಸದೆ ಇದನ್ನು ಪರೀಕ್ಷಿಸಿದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ರೋಗ ಹುಡುಕಲು ತೆಗೆದ ಚಿತ್ರದ ಮೂಲೆಯಲ್ಲಿ ಯಾರೂ ಗಮನಿಸದ ಮೂಳೆಯೇ ಸಾಕ್ಷಿಯಾಯಿತು.

ಡಿಎನ್‌ಎ ವಿಜ್ಞಾನಿಗಳೂ ಸುಮ್ಮನಿರಲಿಲ್ಲ. ಪುಟ್ಟ ತುಣುಕುಗಳನ್ನೇ ಗಾಳ ಹಾಕಿ ಹಿಡಿದು, ಸಾವಿರಾರು ತುಣುಕುಗಳನ್ನು ಒಟ್ಟಿಗೆ ಓದಿ, ಕಂಪ್ಯೂಟರಿನಲ್ಲಿ ಜೋಡಿಸುವ ಹೊಸ ವಿಧಾನವನ್ನು ಅಮೆರಿಕದ ಸೇನಾ ಡಿಎನ್‌ಎ ಪ್ರಯೋಗಾಲಯ 2016ರಿಂದ ಈ ಮೂಳೆಗಳಿಗೆ ಬಳಸತೊಡಗಿತು. ಪಂಚ್‌ಬೌಲ್‌ನಲ್ಲಿ ಉಳಿದ 652 ಅವಶೇಷಗಳನ್ನು ಹಂತಹಂತವಾಗಿ ಹೊರತೆಗೆಯಲು 2018ರಲ್ಲಿ ಒಪ್ಪಿಗೆ ಸಿಕ್ಕಿತು.

ಪೆಟ್ಟಿಗೆಗೊಬ್ಬ ಸೈನಿಕ ಎಂದುಕೊಂಡಿದ್ದೀರಾ? 1990ರಿಂದ 1994ರವರೆಗೆ ಉತ್ತರ ಕೊರಿಯಾ 208 ಪೆಟ್ಟಿಗೆಗಳನ್ನು ಒಪ್ಪಿಸಿತು. ಅವುಗಳಲ್ಲಿ ಒಬ್ಬರ ಮೂಳೆಯೊಂದಿಗೆ ಇನ್ನೊಬ್ಬರದು ಬೆರೆತುಹೋಗಿತ್ತು. 2018ರ ಜುಲೈ 27ರಂದು, ಅಂದರೆ ಕದನವಿರಾಮದ 65ನೆಯ ವರ್ಷದ ದಿನ, ಕೊಟ್ಟ 55 ಪೆಟ್ಟಿಗೆಗಳಲ್ಲಿದ್ದದ್ದು ಸುಮಾರು 250 ಜನರ ಅವಶೇಷ.

ಇವನ್ನು ಬೇರ್ಪಡಿಸಲು ಮುಖ್ಯವಾಗಿ ಬೇಕಾದದ್ದು ಮೈಟೊಕಾಂಡ್ರಿಯ ಡಿಎನ್‌ಎ. ಇದರಲ್ಲಿರುವುದು 16,569 ಪ್ರತ್ಯಾಮ್ಲ ಜೋಡಿಗಳು ಮಾತ್ರ. ಆದರೆ ಒಂದೊಂದು ಜೀವಕೋಶದಲ್ಲೂ ಇದರ ನೂರಾರು ಪ್ರತಿಗಳಿರುವುದರಿಂದ ಹಳೆಯ ಮೂಳೆಯಲ್ಲೂ ಸಿಗುವ ಸಂಭವ ಹೆಚ್ಚು. ಒಂದೇ ಮಾದರಿಯ ಮೈಟೊಕಾಂಡ್ರಿಯ ಡಿಎನ್‌ಎ ಹಲವು ಸೈನಿಕರಲ್ಲಿ ಇರಬಹುದಾದ್ದರಿಂದ ಹಲ್ಲು, ಕೊರಳೆಲುಬು, ಮಡಿದ ಸ್ಥಳ ಎಲ್ಲವೂ ತಾಳೆಯಾಗಬೇಕು.

ತರಗತಿಯಲ್ಲಿ ಕೇಳಬಹುದಾದ ಪ್ರಶ್ನೆಯೊಂದಿದೆ: ಹೋಲಿಸಲು ಯಾರ ಡಿಎನ್‌ಎ ಬೇಕು? ಸೈನಿಕನ ಸ್ವಂತ ಮಗನದು ಉಪಯೋಗಕ್ಕೆ ಬಾರದು, ಏಕೆಂದರೆ ಅವನಿಗೆ ಮೈಟೊಕಾಂಡ್ರಿಯ ಬಂದದ್ದು ಅವನ ತಾಯಿಯಿಂದ. ಸೈನಿಕನ ಒಡಹುಟ್ಟಿದವರು ಅಥವಾ ಅಕ್ಕತಂಗಿಯರ ಮಕ್ಕಳು ಬೇಕು. ಇಂದು ಬದುಕಿರುವ ಒಡಹುಟ್ಟಿದವರಿಗೆ ಎಂಬತ್ತು, ತೊಂಬತ್ತು ವರ್ಷ. ಈ ಯುದ್ಧದಿಂದ ಮರಳದ 7 ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಲೆಕ್ಕ ಇನ್ನೂ ಸಿಕ್ಕಿಲ್ಲ. ಅವರಲ್ಲಿ ಅಕ್ಕತಂಗಿಯರಿಲ್ಲದವನಿಗಾಗಿ, ಅವನ ಹೆಸರನ್ನೇ ಕೇಳಿರದ ಚಿಕ್ಕಮ್ಮನ ಮೊಮ್ಮಗಳನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.