ಗುಡಾರದ ಬಾಗಿಲಲ್ಲಿ ಕನ್ನಡಿಗಳು

ಬೈಬಲಿನ ಎರಡನೆಯ ಪುಸ್ತಕಕ್ಕೆ ಕನ್ನಡದಲ್ಲಿ ವಿಮೋಚನಕಾಂಡವೆಂದು ಹೆಸರು. ಈಜಿಪ್ಟಿನಲ್ಲಿ ದಾಸರಾಗಿದ್ದ ಇಸ್ರಾಯೇಲ್ಯರು ಮೋಶೆಯ ಹಿಂದೆ ಹೊರಟು ಸಮುದ್ರ ದಾಟಿದ ಕಥೆ ಬಹಳ ಮಂದಿಗೆ ಗೊತ್ತು. ನಾನೂ ಅಲ್ಲಿಯವರೆಗೆ ಆಸಕ್ತಿಯಿಂದ ಓದಿದ್ದೆ. 25ನೆಯ ಅಧ್ಯಾಯದಿಂದ ಮುಂದೆ ಅಳತೆಗಳೇ ಅಳತೆಗಳು. ಇಷ್ಟು ಮೊಳ ಉದ್ದ, ಇಷ್ಟು ಮೊಳ ಅಗಲ, ಇಷ್ಟು ಕುಣಿಕೆ, ಇಷ್ಟು ಕೊಂಡಿ! ಬೇಸರವಾಗಿ ಪುಟ ತಿರುವಿಬಿಟ್ಟಿದ್ದೆ. ಒಮ್ಮೆ ಪ್ರಾಚೀನ ನಾಗರಿಕತೆಗಳ ಪಾಠದ ನಡುವೆ ಹುಡುಗಿಯೊಬ್ಬಳು ಎದ್ದುನಿಂತು, "ಮಿಸ್, ಅವರು ಮರುಭೂಮಿಯಲ್ಲಿ ಅಲೆಯುತ್ತಿದ್ದರಲ್ಲ, ಆಗ ದೇವಸ್ಥಾನ ಎಲ್ಲಿತ್ತು?" ಎಂದು ಕೇಳಿದಳು. ಉತ್ತರ ಹೇಳಲು ಆ ಅಧ್ಯಾಯಗಳಿಗೇ ಹಿಂತಿರುಗಬೇಕಾಯಿತು. ಸೀಮೆಸುಣ್ಣ ಹಿಡಿದು ಕರಿಹಲಗೆಯ ಮೇಲೆ ಬರೆಯುತ್ತಾ ಹೋದಂತೆ, ನಾನು ಬೇಸರವೆಂದು ಬಿಟ್ಟ ಲೆಕ್ಕದೊಳಗೆ ಎಷ್ಟೊಂದು ಜನ ಕೂತಿದ್ದಾರೆ ಎಂದು ಆಶ್ಚರ್ಯವಾಯಿತು.

ಅವರ ದೇವಸ್ಥಾನ ಒಂದು ಗುಡಾರ. ಕನ್ನಡ ಬೈಬಲಿನಲ್ಲಿ ಅದನ್ನು ದೇವದರ್ಶನದ ಗುಡಾರ ಎಂದು ಕರೆದಿದ್ದಾರೆ. ಅಳತೆಯ ಮಾನ ಮೊಳ, ಮೊಣಕೈಯಿಂದ ಬೆರಳ ತುದಿಯವರೆಗೆ. ನಾವು ಹೂವು ಕೊಳ್ಳುವ ಮೊಳವೇ ಎಂದುಕೊಳ್ಳಿ, ಸುಮಾರು ಒಂದೂವರೆ ಅಡಿ. ಸುತ್ತಲಿನ ಅಂಗಳ 100 ಮೊಳ ಉದ್ದ, 50 ಮೊಳ ಅಗಲ. ಅದಕ್ಕೆ ಐದು ಮೊಳ ಎತ್ತರದ ಬಿಳಿಯ ನಾರುಬಟ್ಟೆಯ ಪರದೆ. ಒಳಗಿನ ಗುಡಾರ 30 ಮೊಳ ಉದ್ದ, 10 ಮೊಳ ಅಗಲ, 10 ಮೊಳ ಎತ್ತರ. ಅಂದರೆ 45 ಅಡಿಗೆ 15 ಅಡಿ. ನಮ್ಮ ಶಾಲೆಯ ಎರಡು ಕೊಠಡಿ ಸೇರಿಸಿದರೆ ಅಷ್ಟಾಗುತ್ತದೆ. ಒಂದು ಇಡೀ ಜನಾಂಗದ ದೇವಾಲಯ ಇಷ್ಟು ಚಿಕ್ಕದೆ?

ಚಿಕ್ಕದಾದರೂ ಅದರ ಜೋಡಣೆಯಲ್ಲಿ ಒಂದು ಕ್ರಮವಿದೆ. ಬಾಗಿಲು ಪೂರ್ವಕ್ಕೆ. ಅಂಗಳದಲ್ಲಿ ಯಜ್ಞವೇದಿ, ಆಮೇಲೆ ಕೈಕಾಲು ತೊಳೆಯುವ ನೀರಿನ ಗಂಗಾಳ, ಎರಡೂ ತಾಮ್ರದ ಕೆಲಸ. ಗುಡಾರದೊಳಗೆ ಮೊದಲ ಕೋಣೆಯಲ್ಲಿ ಏಳು ಹಣತೆಗಳ ಬಂಗಾರದ ದೀಪಸ್ತಂಭ, ಹನ್ನೆರಡು ರೊಟ್ಟಿಗಳನ್ನಿಡುವ ಮೇಜು, ಧೂಪವೇದಿ. ನಡುವೆ ಒಂದು ತೆರೆ. ಅದರಾಚೆ ಉದ್ದ, ಅಗಲ, ಎತ್ತರ ಮೂರೂ ಹತ್ತು ಮೊಳದ ಕತ್ತಲ ಕೋಣೆ. ಹೊರಗೆ ತಾಮ್ರ, ಹಲಗೆಗಳ ಬುಡದಲ್ಲಿ ಬೆಳ್ಳಿ, ಒಳಗೆ ಬಂಗಾರ. ಹೆಜ್ಜೆಹೆಜ್ಜೆಗೂ ಲೋಹದ ಬೆಲೆ ಏರಿದಂತೆ ಒಳಗೆ ಹೋಗಬಲ್ಲವರ ಸಂಖ್ಯೆ ಇಳಿಯುತ್ತದೆ. ಅಂಗಳದವರೆಗೆ ಜನ, ಮೊದಲ ಕೋಣೆಗೆ ಯಾಜಕರು, ಕೊನೆಯ ಕೋಣೆಗೆ ವರ್ಷಕ್ಕೊಂದು ದಿನ ಮಹಾಯಾಜಕನೊಬ್ಬ. ನಮ್ಮ ಗರ್ಭಗುಡಿಯ ನೆನಪು ಬರುವುದು ಸಹಜ. ಆದರೆ ಅಲ್ಲಿ ಮೂರ್ತಿಯಿಲ್ಲ. ಬಂಗಾರದ ತಗಡು ಹೊದಿಸಿದ ಜಾಲೀಮರದ ಮಂಜೂಷ, ಅದರೊಳಗೆ ಆಜ್ಞೆಗಳ ಕಲ್ಲಿನ ಹಲಗೆಗಳು. ಮೇಲೆ ರೆಕ್ಕೆ ಚಾಚಿದ ಎರಡು ಕೆರೂಬಿಗಳು. ಅವುಗಳ ನಡುವೆ ಬರಿಯ ಖಾಲಿ ಜಾಗ. ದೇವರು ಮಾತಾಡುವುದು ಆ ಖಾಲಿ ಜಾಗದಿಂದ ಎಂಬುದು ಅವರ ನಂಬಿಕೆ.

ಮಂಜೂಷವನ್ನು ಹೊರುವ ಕೋಲುಗಳನ್ನು ಅದರ ಬಳೆಗಳಿಂದ ಎಂದೂ ತೆಗೆಯಬಾರದೆಂಬ ನಿಯಮವಿತ್ತು. ನನ್ನ ಮನಸ್ಸನ್ನು ಬಹಳ ಹಿಡಿದ ಮಾತು ಇದು. ಇಲ್ಲೇ ನೆಲೆಯಾಯಿತು ಎಂದುಕೊಳ್ಳುವಂತಿಲ್ಲ, ಯಾವ ಗಳಿಗೆಯಲ್ಲಾದರೂ ಹೊರಡಬೇಕಾದೀತು. ಹಲಗೆಗಳು ಕಳಚುತ್ತವೆ, ಪರದೆಗಳು ಮಡಚುತ್ತವೆ. ಪ್ರಯಾಣದಲ್ಲಿ ಬಟ್ಟೆಗಳಿಗೆ ಎರಡು ಬಂಡಿ, ಹಲಗೆ ಕಂಬಗಳಿಗೆ ನಾಲ್ಕು ಬಂಡಿ. ಒಳಗಿನ ಪವಿತ್ರ ವಸ್ತುಗಳಿಗೆ ಮಾತ್ರ ಬಂಡಿಯಿಲ್ಲ, ಅವನ್ನು ಹೆಗಲ ಮೇಲೆಯೇ ಹೊರಬೇಕು. ಬೆಲೆಯುಳ್ಳದ್ದನ್ನು ಎತ್ತಿನ ಮೇಲೆ ಹಾಕಿ ಕೈಬೀಸಿಕೊಂಡು ನಡೆಯುವಂತಿಲ್ಲ.

ಇದಕ್ಕೆಲ್ಲ ಹಣ? 20 ವರ್ಷ ದಾಟಿದ ಪ್ರತಿ ಗಂಡಸೂ ಅರ್ಧ ಶೆಕೆಲ್ ಬೆಳ್ಳಿ ಕೊಡಬೇಕಿತ್ತು. ಶ್ರೀಮಂತ ಹೆಚ್ಚು ಕೊಡುವಂತಿಲ್ಲ, ಬಡವ ಕಡಿಮೆ ಕೊಡುವಂತಿಲ್ಲ. ಆ ಬೆಳ್ಳಿಯಿಂದ 100 ಪೀಠಗಳನ್ನು ಎರಕ ಹೊಯ್ದು ಅವುಗಳ ಮೇಲೆ ಹಲಗೆ ಕಂಬಗಳನ್ನು ನಿಲ್ಲಿಸಿದರು. ಎಂದರೆ ಬುನಾದಿಯಲ್ಲಿ ಎಲ್ಲರ ಪಾಲೂ ಸಮ. ಉಳಿದದ್ದೆಲ್ಲ ಮನಸ್ಸಿದ್ದವರು ಕೊಟ್ಟ ಕಾಣಿಕೆ. ಸ್ವಲ್ಪ ಕಾಲದ ಹಿಂದೆ ಇದೇ ಜನ ಕಿವಿಯೋಲೆಗಳನ್ನು ಬಿಚ್ಚಿಕೊಟ್ಟು ಬಂಗಾರದ ಕರು ಮಾಡಿಸಿ ಕುಣಿದಿದ್ದರು. ಈಗ ಅವರೇ ಗುಡಾರಕ್ಕೆ ತಂದು ಸುರಿದರು. ಕಡೆಗೆ, ಇನ್ನು ಗಂಡಸರಾಗಲಿ ಹೆಂಗಸರಾಗಲಿ ಏನನ್ನೂ ತರಬೇಡಿರೆಂದು ಮೋಶೆ ಪಾಳೆಯದಲ್ಲಿ ಸಾರಿಸಬೇಕಾಯಿತು! ಚಂದಾ ಪುಸ್ತಕ ಹಿಡಿದು ಮನೆಮನೆ ಸುತ್ತಿದ ನನ್ನಂಥವರಿಗೆ ಇದು ಪವಾಡವೆಂದೇ ತೋರುತ್ತದೆ.

ಕಸಬುದಾರರಲ್ಲಿ ಎರಡು ಹೆಸರು ಉಳಿದಿವೆ, ಬೆಚಲೇಲ ಮತ್ತು ಒಹೊಲೀಯಾಬ. ಹೆಂಗಸರ ಹೆಸರು ಒಂದೂ ಇಲ್ಲ. ಆದರೆ ಅವರ ಕೆಲಸ ಇದೆ. ಜಾಣೆಯರಾದ ಹೆಂಗಸರು ತಮ್ಮ ಕೈಯಿಂದಲೇ ನೀಲಿ, ಧೂಮ್ರ, ಕಡುಗೆಂಪು ದಾರಗಳನ್ನೂ ನಾರಿನ ನೂಲನ್ನೂ ನೂತು ತಂದರೆಂದು 35ನೆಯ ಅಧ್ಯಾಯ ಹೇಳುತ್ತದೆ. ಆ ನೀಲಿಯೂ ಧೂಮ್ರವೂ ಕಡಲ ಬಸವನಹುಳುವಿನ ಬಣ್ಣ, ಕೆಂಪು ಒಂದು ಜಾತಿಯ ಪುಟ್ಟ ಕೀಟದ್ದು. ಮೇಕೆಯ ಕೂದಲನ್ನು ನೂತವರೂ ಹೆಂಗಸರೇ. 28 ಮೊಳ ಉದ್ದದ ಹತ್ತು ಬಣ್ಣದ ಪರದೆಗಳು, ಅವುಗಳ ಮೇಲೆ 30 ಮೊಳ ಉದ್ದದ ಹನ್ನೊಂದು ಮೇಕೆಕೂದಲಿನ ಪರದೆಗಳು. ಎಷ್ಟು ನೂಲು ಬೇಕಾಗಿದ್ದೀತು, ಎಷ್ಟು ಬೆರಳು ಸವೆದಿದ್ದೀತು!

ಇದೆಲ್ಲ ನಿಜವಾಗಿ ನಡೆಯಿತೆ ಎಂದು ಕೇಳಿದರೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಜರ್ಮನಿಯ ವಿದ್ವಾಂಸ ವೆಲ್‌ಹೌಸನ್ 1878ರಲ್ಲಿ, ಇದು ಯೆರೂಸಲೇಮಿನ ದೇವಾಲಯವನ್ನು ನೋಡಿ ಮುಂದಿನ ಕಾಲದ ಯಾಜಕರು ಕಲ್ಪಿಸಿದ ಗುಡಾರ ಎಂದು ವಾದಿಸಿದ. ಸೊಲೊಮೋನನ ದೇವಾಲಯದ ಉದ್ದ 60 ಮೊಳ, ಅಗಲ 20 ಮೊಳ, ಗುಡಾರ ಸರಿಯಾಗಿ ಅದರರ್ಧ. ಇತ್ತ ಈಜಿಪ್ಟಿನ ಅಬು ಸಿಂಬೆಲ್‌ನಲ್ಲಿ ಎರಡನೆಯ ರಾಮ್ಸೆಸ್ ದೊರೆಯ ಯುದ್ಧಶಿಬಿರದ ಕೆತ್ತನೆಯಿದೆ. ಅಲ್ಲಿಯೂ ಆಯತಾಕಾರದ ಪಾಳೆಯ, ನಡುವೆ ಎರಡು ಭಾಗದ ರಾಜಗುಡಾರ. 1969ರಲ್ಲಿ ಬೆನೊ ರೋಥೆನ್‌ಬರ್ಗ್ ಇಸ್ರೇಲಿನ ದಕ್ಷಿಣದ ತಿಮ್ನಾದ ತಾಮ್ರದ ಗಣಿಗಳ ಬಳಿ ಅಗೆದಾಗ, ಮರುಭೂಮಿಯ ಜನ ಪೂಜಿಸಿದ ಚಿಕ್ಕ ಗುಡಿಯೊಂದರಲ್ಲಿ ಕೆಂಪು, ಹಳದಿ ಬಟ್ಟೆಯ ಚೂರುಗಳು ಸಿಕ್ಕವು. ಅದಕ್ಕೆ ಗುಡಾರದ ಹೊದಿಕೆಯಿತ್ತೆಂದು ಅವನು ಊಹಿಸಿದ. ಅದೇ ಕಣಿವೆಯಲ್ಲಿ ಸಿಕ್ಕ ಸುಮಾರು 3000 ವರ್ಷ ಹಳೆಯ ಉಣ್ಣೆಯಲ್ಲಿ ಬಸವನಹುಳುವಿನ ಧೂಮ್ರವರ್ಣ ಇರುವುದನ್ನು 2021ರಲ್ಲಿ ಪ್ರಕಟಿಸಿದರು. ಇವು ಮೋಶೆಯ ಗುಡಾರಕ್ಕೆ ಸಾಕ್ಷಿಯಲ್ಲ. ಅಂಥ ಕಾಲದಲ್ಲಿ ಅಂಥ ಕಸಬು ಇತ್ತೆಂಬುದಕ್ಕೆ ಸಾಕ್ಷಿ, ಅಷ್ಟೇ.

ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ಅಂಗಳದ ಆ ಗಂಗಾಳ. ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಹೆಂಗಸರ ಕನ್ನಡಿಗಳಿಂದ ಅದನ್ನು ಮಾಡಿದರೆಂದು 38ನೆಯ ಅಧ್ಯಾಯದಲ್ಲಿ ಒಂದೇ ಸಾಲಿದೆ. ಆಗಿನ ಕನ್ನಡಿ ಗಾಜಿನದಲ್ಲ, ಉಜ್ಜಿ ಹೊಳಪಿಸಿದ ತಾಮ್ರ ಇಲ್ಲವೇ ಕಂಚು. ಹನ್ನೊಂದನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿದ್ದ ಯೆಹೂದಿ ಪಂಡಿತ ರಾಶಿ ಇದಕ್ಕೊಂದು ಹಳೆಯ ಕಥೆ ಹೇಳುತ್ತಾನೆ. ಶೃಂಗಾರದ ವಸ್ತು ದೇವರ ಮನೆಗೇಕೆಂದು ಮೋಶೆ ಮುಖ ತಿರುಗಿಸಿದನಂತೆ. ಆಗ ದೇವರು, ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಇದೇ ಎಂದನಂತೆ. ಈಜಿಪ್ಟಿನಲ್ಲಿ ದುಡಿದು ನುಗ್ಗಾದ ಗಂಡಂದಿರ ಬಳಿಗೆ ಊಟ ಹೊತ್ತುಹೋಗಿ, ಇದೇ ಕನ್ನಡಿಯಲ್ಲಿ ಇಬ್ಬರ ಮುಖವನ್ನೂ ತೋರಿಸಿ, ನಗಿಸಿ, ಬದುಕಿನ ಆಸೆ ಹುಟ್ಟಿಸಿ, ಆ ಕುಲವನ್ನು ಉಳಿಸಿದವರು ಈ ಹೆಂಗಸರೇ ಅಲ್ಲವೆ?

ಅಷ್ಟೊಂದು ಅಳತೆಗಳ ನಡುವೆ ಈ ಗಂಗಾಳದ ಅಳತೆಯನ್ನು ಬರೆದಿಲ್ಲ. ಬಹುಶಃ ಎಷ್ಟು ಕನ್ನಡಿ ಬಂದವೋ ಅಷ್ಟು ದೊಡ್ಡದಾಯಿತೇನೋ. ಪರದೆಗೆ ನೂತವರು ಆ ಪರದೆ ಸರಿಸಿ ಒಳಗೆ ಹೋಗುವಂತಿರಲಿಲ್ಲ, ಆ ಭಾಗ್ಯ ಸಾಮಾನ್ಯ ಗಂಡಸರಿಗೂ ಇರಲಿಲ್ಲ. ಆದರೆ ಒಳಗೆ ಹೋಗುವ ಯಾಜಕನೂ ಈ ಗಂಗಾಳದ ನೀರಿನಲ್ಲಿ ಕೈಕಾಲು ತೊಳೆಯದೆ ಹೋದರೆ ಸಾಯುವನೆಂದು ನಿಯಮ. ಮಹಾಯಾಜಕ ಆರೋನನೂ ಹೆಸರಿಲ್ಲದ ಆ ಹೆಂಗಸರ ಕನ್ನಡಿಗಳ ಮುಂದೆ ಬಗ್ಗಿಯೇ ಮುಂದೆ ಹೋಗಬೇಕಿತ್ತು.

ಆ ಹುಡುಗಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ದೇವಸ್ಥಾನ ಅವರ ಜೊತೆಯಲ್ಲೇ ಇತ್ತಮ್ಮ. ಅರ್ಧ ಅವರ ಹೆಗಲ ಮೇಲೆ, ಅರ್ಧ ಅವರ ಹೆಂಗಸರ ಕೈಯಲ್ಲಿ."